ಎಲುಬು ಕೊಯ್ಯುವ ಬೆಳಕು

ಇದನ್ನು ನನಗೆ ಮೊದಲು ಹೇಳಿದವನು ಮಹಾಗಾಂವದಲ್ಲಿರುವ ನನ್ನ ಹೆಂಡತಿಯ ತಮ್ಮ. ಕೊಲ್ಹಾಪುರದ ಒಂದು ಪ್ರಯೋಗಶಾಲೆಯಲ್ಲಿ ಸಿಪಾಯಿ. ದೇವರು ಯಾರ ಕೈಗೆ ಯಾವ ಕೆಲಸ ಕೊಡುತ್ತಾನೋ ಹೇಳಲಾಗದು. ಕೊಟ್ಟ ಮೇಲೆ ಇಂಥವು ಆಗುತ್ತಲೇ ಇರುತ್ತವೆ.

೧. ಖರೀದಿ

ಅಲ್ಲಿ ಲೇಸರ್ ಬೆಳಕಿನಿಂದ ಎಲುಬು ಕೊಯ್ಯುವುದನ್ನು ಕಲಿಯುತ್ತಿದ್ದಾರೆ. ಮುಂದೆ ಆಪರೇಶನ್ನಿನಲ್ಲಿ ಗರಗಸದ ಬದಲು ಅದೇ ಬರಲಿ ಎಂದು. ಕುರಿಯ ಎಲುಬು ತರುವ ಕೆಲಸ ಇವನ ಪಾಲಿಗೆ ಬಂತು. ಲಿಂಗ ಕಟ್ಟಿದ ಮನೆತನ, ತತ್ತಿ ಕೂಡ ಮುಟ್ಟಿದವನಲ್ಲ. ತಾಯಿಗೆ ಗೊತ್ತಾದರೆ ನೌಕರಿ ಬಿಡಿಸುತ್ತಾಳೆಂದು ಮನೆಯಲ್ಲಿ 'ಕಾಗದಪತ್ರ ಒಯ್ಯೂ ಕೆಲಸ' ಎಂದಿದ್ದ.

ಮೊದಲ ದಿನ ಮಾಂಸದ ಅಂಗಡಿಯ ಮುಂದೆ ಅರ್ಧ ಕಣ್ಣು ಮುಚ್ಚಿ ನಿಂತು, "ಮಾಂಸ ಬ್ಯಾಡ್ರಿ, ಎಲುಬ ಅಷ್ಟ. ನೆಟ್ಟಗಿರಬೇಕು, ಬಿರುಕು ಇರಬಾರದು, ಭಾಳ ವಯಸ್ಸಾಗಿರಬಾರದು" ಎಂದ.

ಅಂಗಡಿಯವನು ಕತ್ತಿ ಕೆಳಗಿಟ್ಟ. "ಪಾವಣ್ಯಾರ, ಎಲುಬ ಒಯ್ಯಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?"

೨. ಊದಿನಕಡ್ಡಿ

ಎಲುಬು ಸುಟ್ಟ ವಾಸನೆ ತನ್ನಿಂದ ತಡೆಯಲಾಗದು ಎಂದು ಯಂತ್ರದ ಬದಿಗೆ ಊದಿನಕಡ್ಡಿ ಹಚ್ಚಿಟ್ಟ. ಆದರೆ ಆ ಬೆಳಕಿನ ಒಂದೊಂದು ಮಿಡಿತ ಎಷ್ಟು ಗಿಡ್ಡ ಎಂದರೆ, ಎಲುಬಿಗೆ ಬಿಸಿಯಾಗಲು ಪುರಸೊತ್ತೇ ಇಲ್ಲ. ಕಣಕಣವಾಗಿ ಹಾರಿಹೋಗುತ್ತದೆ, ಕೊಯ್ದ ಅಂಚು ಬೆಳ್ಳಗೆ, ತಣ್ಣಗೆ ಉಳಿಯುತ್ತದೆ.

ಪ್ರಯೋಗ ನಡೆಸುವ ಸರ್ ಚಿಕ್ಕೋಡಿ ಕಡೆಯವರು. "ಎಲುಬಿಂದು ಹೊಗಿ ಇಲ್ಲೋ ಮಾರಾಯಾ, ನಿಂದ ಹೊಗಿ ಯಂತ್ರದ ಕನ್ನಡಿ ಮ್ಯಾಲ ಕೂಡಾಕತ್ತೇತಿ" ಎಂದು ತಾವೇ ಆರಿಸಿದರು.

ದೇವರ ಸಲುವಾಗಿ ಹಚ್ಚಿದ್ದರೆ ಮಾತು ಬೇರೆ. ಇವನು ಹಚ್ಚಿದ್ದು ಮೂಗಿನ ಸಲುವಾಗಿ.

೩. ನಮ್ಮ ಅತ್ತೆ

ಇವನ ತಾಯಿ, ಅಂದರೆ ನಮ್ಮ ಅತ್ತೆಯವರ ಮೊಣಕಾಲಿನ ಎಲುಬು ಕೊಯ್ಯಬೇಕೆಂದು ಗಡಹಿಂಗ್ಲಜದ ಡಾಕ್ಟರರು ಹೇಳಿದ್ದರು. ಗರಗಸ ಎಂದ ಕೂಡಲೇ ಎದ್ದು ಬಂದವರು, ಅಂದಿನಿಂದ ಗೋಡೆ ಹಿಡಿದೇ ನಡೆಯುತ್ತಿದ್ದರು. ಒಂದು ದಿನ ಹೇಳದೆ ಕೇಳದೆ ಎಸ್.ಟಿ. ಬಸ್ಸು ಹತ್ತಿ, ರೊಟ್ಟಿ ಗಂಟು ಹಿಡಿದು ಮಗನ ಪ್ರಯೋಗಶಾಲೆಗೆ ಬಂದರು. ಮಗನ ಕೈಯಲ್ಲಿ ಎಲುಬು.

"ಅವ್ವಾ, ಇವತ್ತ ನೌಕರಿ ಬಿಡತೇನಿ" ಎಂದ.

ಅತ್ತೆಯ ಲಕ್ಷ್ಯ ಅವನ ಮಾತಿನ ಮೇಲಿರಲಿಲ್ಲ. ಎಲುಬಿನ ಕೊಯ್ದ ಅಂಚನ್ನೇ ದೂರದಿಂದ ನೋಡುತ್ತಿದ್ದರು. "ಇದಕ್ಕ ಗರಗಸ ಹಚ್ಚಿಲ್ಲೇನ್ರಿ ಸರ್?"

"ಇಲ್ಲರಿ ಅವ್ವಾರ. ಆದ್ರ ಮನಷ್ಯಾರಿಗೆ ಬರಾಕ ಇನ್ನೂ ಟೈಮ್ ಐತಿ. ಕಲಿಯಾಕತ್ತೇವಿ."

ಅತ್ತೆ ಮಗನ ಕಡೆ ತಿರುಗಿದರು. "ಬಿಡತಾನಂತ, ಶಾಣ್ಯಾ. ನನ್ನ ಮೊಣಕಾಲಿನ ಪಾಳಿ ಬರೂತನಕ ಬಿಡಬ್ಯಾಡ. ದಿನಾ ಜಳಕಾ ಮಾಡಿ ಮನಿಯೊಳಗ ಬಾ, ಆತು."

ಆಮೇಲೆ ದನಿ ತಗ್ಗಿಸಿ ಸರ್‌ಗೆ ಹೇಳಿದರು: "ಖರೇ ಹೇಳತೇನ್ರಿ, ಇಂವ ಸಂತ್ಯಾಗಿಂದ ಒಂದ ದಿನಾ ಹುಳಕ ಇಲ್ಲದ ಬದನಿಕಾಯಿ ತಂದಾಂವ ಅಲ್ಲ. ಎಲುಬ ಮಾತ್ರ ನೀವ ತಿರುವಿ ಮುರುವಿ ನೋಡಿ ತಗೋರಿ."

ನಿಮ್ಮ ಕಡೆಯೂ ಮೊಣಕಾಲು ಹಿಡಿದು ಕುಂತ ಹಿರಿಯರಿದ್ದರೆ ಇದನ್ನು ಅವರ ಕಿವಿಗೂ ಹಾಕಿರಿ. ಪಾಳಿ ಯಾವಾಗ ಎಂದು ಮಾತ್ರ ನನ್ನನ್ನು ಕೇಳಬೇಡಿರಿ.