ಪಿಟೀಲಣ್ಣ ನೆಟ್ಟಗಾದದ್ದು

"ಇವತ್ತಿನಿಂದ ನಾನು ಬಾಗೋ ಗಂಡಸಲ್ಲ! ಯಾರಿಗೂ, ಯಾವುದಕ್ಕೂ!" ಎಂದು ಪಿಟೀಲಣ್ಣ ಕನ್ನಡಿಯ ಮುಂದೆ ಘೋಷಿಸಿದ.

"ಹಾಗಾದ್ರೆ ಮಂಚದ ಕೆಳಗೆ ಗುಡಿಸೋದು ನಾನೇ ಅನ್ನಿ," ಎಂದಳು ಹೆಂಡತಿ, ಹಲ್ಲಿನಲ್ಲಿ ದಾರ ಕಡಿಯುತ್ತಾ. ನಾಟಕದವರಿಗೆ ಬಟ್ಟೆ ಹೊಲಿಯುವವಳು. ಸೂಜಿ ಕೈಯಲ್ಲಷ್ಟೇ ಅಲ್ಲ, ನಾಲಿಗೆಯಲ್ಲೂ ಇತ್ತು.

ಬೀದಿಯವರೆಲ್ಲ ಪಿಟೀಲಣ್ಣ ಎಂದು ಕರೆಯುವ ಈ ಮಹಾಶಯ ವಾದ್ಯವೃಂದದಲ್ಲಿ ಪಿಟೀಲು ಹಿಡಿದು ಕೂತರೆ ಕತ್ತು ಕೊಕ್ಕೆ, ಬೆನ್ನು ಬಿಲ್ಲು, ಎಡಭುಜವಂತೂ ಕಿವಿಗೆ ಹತ್ತಿರದ ನೆಂಟ! ಈಚೆಗೆ ಭುಜದ ನೋವು ಬೆರಳಿಗಿಳಿದು ಜೋಮು ಹಿಡಿಯತೊಡಗಿತ್ತು. ಬರುವ ಕಛೇರಿಯಲ್ಲಿ ಅವನೊಬ್ಬನೇ ನುಡಿಸುವ ಭಾಗವೊಂದಿತ್ತು. ಆಸೆಪಟ್ಟು ಕಾದ ಮೇಲೆ ಸಿಕ್ಕ ಭಾಗ. ಆಗಲೇ ಬೆರಳು ಕೈಕೊಟ್ಟರೆ? ಆ ಭಯವನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಊಟದ ತಟ್ಟೆ ಕೈಯಿಂದ ಜಾರಿದ್ದನ್ನು ಕಂಡ ಹೆಂಡತಿಯೇ ಅವನನ್ನು ಮೇಡಂ ಹತ್ತಿರ ಅಟ್ಟಿದ್ದಳು. ಕುಣಿಯುವವರಿಗೆ, ಹಾಡುವವರಿಗೆ, ನುಡಿಸುವವರಿಗೆ ಮೈ ಹೇಗಿಟ್ಟುಕೊಳ್ಳಬೇಕು, ಹೇಗೆ ಆಡಿಸಬೇಕು ಎಂದು ಕಲಿಸುವ ಮೇಡಂ ಅವರು.

ಅವರು "ನೆಟ್ಟಗೆ ನಿಲ್ಲಿ" ಎಂದದ್ದೇ ತಡ, ಪಿಟೀಲಣ್ಣನಿಗೆ ವಿದ್ಯೆಯೆಲ್ಲ ಕೈವಶವಾದಂತಾಯಿತು. ಉಳಿದ ಪಾಠಕ್ಕೆ ಕಿವಿಗೊಡದೆ ಮನೆಗೆ ಬಂದು ಕನ್ನಡಿಯ ಮುಂದೆ ನಿಂತುಬಿಟ್ಟಿದ್ದ!

ಮಾರನೇ ಸಂಜೆ ಹೆಂಡತಿ ಹೊರಗೆ ಹೋದದ್ದೇ, ಅವಳೇ ಹೊಲಿದುಕೊಟ್ಟ ಕಛೇರಿಯ ಅಂಗಿ ತೊಟ್ಟ. ಕಿಟಕಿಯ ಪರದೆ ಕೋಲು ಕಿತ್ತು ಒಂದು ತೋಳಿನಿಂದ ತೂರಿಸಿ, ಬೆನ್ನ ಮೇಲೆ ಹಾಯಿಸಿ, ಇನ್ನೊಂದು ತೋಳಿನಿಂದ ಹೊರತೆಗೆದ. ಆಹಾ! ಭುಜ ನೆಟ್ಟಗೆ, ಎದೆ ಮುಂದಕ್ಕೆ! ತೆಗೆಯಲು ಹೋದರೆ ಕೋಲಿನ ತುದಿಯ ಗುಂಡು ತೋಳಿನೊಳಗೆ ಸಿಕ್ಕಿಕೊಂಡಿತ್ತು. ಎಳೆದ. ಕೊಡವಿದ. ಊಹೂಂ! ಸಾಕ್ಷಾತ್ ಹೊಲದ ಬೆದರುಬೊಂಬೆ!

ಅಷ್ಟರಲ್ಲಿ ಬಾಗಿಲ ಗಂಟೆ.

"ರೀ, ಚಿಲಕ ತೆಗೀರಿ!"

ಏಡಿಯಂತೆ ಅಡ್ಡಡ್ಡ ನಡೆದ. ಚಿಲಕವೋ ಬಾಗಿಲ ಮೇಲ್ತುದಿಯಲ್ಲಿ. ಬಲಗೈ ಏರಿದರೆ ಎಡಗೈ ಇಳಿಯಬೇಕು, ತಕ್ಕಡಿ ನ್ಯಾಯ! ಇಳಿದ ಎಡಗೈ ಚಪ್ಪಲಿ ಗೂಡನ್ನು ಕೆಡವಿತು, ಗೂಡು ಹೂಕುಂಡವನ್ನು ಕೆಡವಿತು. ಚಿಲಕವೇನೋ ಬಂತು, ಅದರ ಜೊತೆಗೇ ಬೆನ್ನು ಹಿಡಿದುಕೊಂಡಿತು.

ಬಾಗಿಲು ತೆರೆದರೆ ಹೆಂಡತಿ. ಅವಳ ಹಿಂದೆ, ಪಾಠ ಅರ್ಧಕ್ಕೇ ಬಿಟ್ಟ ಶಿಷ್ಯನನ್ನು ಹುಡುಕಿಕೊಂಡು ಬಂದ ಮೇಡಂ!

"ಏನ್ರೀ ಇದು? ವಿಮಾನ ಏರ್ತಾ ಇದೆಯೋ, ಇಳೀತಾ ಇದೆಯೋ?" ಎಂದಳು ಹೆಂಡತಿ.

"ನೆಟ್ಟಗೆ... ನಿಂತಿದ್ದೀನಿ..."

"ನೆಟ್ಟಗೆ ನಿಲ್ಲಿ ಅಂದೆ ಸಾರ್, ಸೆಟೆದು ನಿಲ್ಲಿ ಅನ್ನಲಿಲ್ಲ!" ಎಂದರು ಮೇಡಂ.

ಹೆಂಡತಿ ನಗಲು ಬಾಯಿ ತೆರೆದವಳು ಅವನ ಕಣ್ಣಂಚು ಒದ್ದೆಯಾದದ್ದು ಕಂಡು ಒಳಗೆ ಹೋದಳು. ಕತ್ತರಿ ತಂದು, ತೋಳುಗಳಿಗೆ ತಾನೇ ಹಾಕಿದ ಹೊಲಿಗೆಯನ್ನು ಕರಕರ ಕತ್ತರಿಸಿದಳು.

"ಅಯ್ಯೋ, ಅಂಗಿ ಕಣೇ!"

"ಇನ್ನೊಂದು ಹೊಲೀತೀನಿ. ಗಂಡನ್ನ ಹೊಲಿಯೋಕಾಗುತ್ತಾ?"

"ಬೆರಳಿಗೆ ಸ್ಪರ್ಶವೇ ಇರಲ್ಲ ಕಣೇ," ಎಂದ, ಸಣ್ಣ ದನಿಯಲ್ಲಿ. "ನುಡಿಸೋಕೆ ಆಗದೇ ಹೋದ್ರೆ?"

ಅವಳು ಕತ್ತರಿ ಬದಿಗೆ ಸರಿಸಿದಳು. ಅವನ ಭುಜದ ಮೇಲೆ ಅಂಗೈ ಇಟ್ಟಳು. ಪಿಟೀಲಣ್ಣ ಉದ್ದಕ್ಕೆ ಉಸಿರು ಬಿಟ್ಟ. ಕಿವಿಯ ಪಕ್ಕ ಬಿಡಾರ ಹೂಡಿದ್ದ ಭುಜ ಮೆಲ್ಲಗೆ ಕೆಳಗಿಳಿಯಿತು.

"ಹಾಂ, ಇಷ್ಟೇ ಪಾಠ!" ಎಂದರು ಮೇಡಂ. "ಹಿಡಿದದ್ದನ್ನ ಬಿಡೋದು. ದಿನಾ ಬಂದು ಕಲಿತರೆ ಜೋಮೂ ಇಳಿಯುತ್ತೆ. ಈಗ ಕೂತು ಸ್ವಲ್ಪ ನುಡಿಸಿ."

ತೋಳಿಲ್ಲದ ಅಂಗಿಯಲ್ಲೇ ಕೂತ. ಮೇಡಂ ಅವನ ತಲೆಯನ್ನು ಹಗುರಾಗಿ ಮೇಲೆತ್ತಿ, ಪಿಟೀಲನ್ನು ಅವನ ಹತ್ತಿರಕ್ಕೆ ತಂದರು. ಕಮಾನು ಹರಿಯಿತು. ಸ್ವರ ಕೋಣೆ ತುಂಬಿತು, ದುಂಡಗೆ, ನಿರಾಳವಾಗಿ. ನುಡಿಸುತ್ತಿರುವುದು ತಾನೇನಾ ಎಂದು ಅವನಿಗೇ ಅನುಮಾನ!

ಮುಗಿಸಿ, ಹೆಂಡತಿಯತ್ತ ಹೆಮ್ಮೆಯಿಂದ ತಿರುಗಿದ. "ಹೇಗಿತ್ತು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಹಳ ಚೆನ್ನಾಗಿತ್ತು ಕಣ್ರೀ. ಆದ್ರೆ ಮಧ್ಯೆ ಮಧ್ಯೆ ನಿಮ್ಮ ಬಾಯಿಂದ 'ಹ್ಞೂಂ... ಅಮ್ಮಾ' ಅಂತ ಬರ್ತಿತ್ತಲ್ಲ, ಅದು ಬರಲೇ ಇಲ್ಲ. ಇಷ್ಟು ವರ್ಷ ನಾನು ಅದೂ ಸಂಗೀತದಲ್ಲೇ ಸೇರಿದೆ ಅಂದ್ಕೊಂಡಿದ್ದೆ!"