ಮೆಟ್ಟಿಲು ಹತ್ತಿದ ಕೈ

"ಬೀಳುವಾಗ ಕೈ ಊರಬಾರದು, ಮೈ ಸಡಿಲ ಬಿಟ್ಟು ಪಕ್ಕಕ್ಕೆ ಉರುಳಬೇಕು" ಎಂದು ಪಕ್ಕದ ಮನೆಯ ಇಸ್ತ್ರಿಯವನಿಗೆ ತೋರಿಸಿಕೊಡುತ್ತಲೇ ಉಳುಕಣ್ಣ ಅಂಗಳದ ಒದ್ದೆ ಕಲ್ಲಿನ ಮೇಲೆ ಜಾರಿದ. ಊರಿದ್ದು ಕೈಯನ್ನೇ.

ಇಪ್ಪತ್ತು ವರ್ಷದಿಂದ ಬೀದಿಯವರ ಉಳುಕು ತೆಗೆದು ತೆಗೆದೇ ಆ ಹೆಸರು ಬಂದಿತ್ತು. ಬಾಗಿಲ ಮೇಲೆ ಬೋರ್ಡು ಬೇರೆ: ಆಸ್ಪತ್ರೆ ಮೆಟ್ಟಿಲು ಹತ್ತಿದ ಕೈಯನ್ನು ಮುಟ್ಟುವುದಿಲ್ಲ. ಅವನ ಮರ್ಯಾದೆಯೆಲ್ಲ ನಿಂತಿದ್ದು ಆ ಬೋರ್ಡಿನ ಮೇಲೆ.

ಮಣಿಕಟ್ಟು ಬನ್ನಿನ ಹಾಗೆ ಊದಿತು.

"ಕೊಡಣ್ಣ ಇಲ್ಲಿ" ಎಂದ ಇಸ್ತ್ರಿಯವನು. "ನಿನ್ನ ಹತ್ರ ಮೂರು ಸಲ ಎಳೆಸ್ಕೊಂಡಿದ್ದೀನಿ, ನನಗೆ ಬರಲ್ವಾ?"

"ಮುಟ್ಟಿದ್ರೆ ನೋಡು."

"ಮುಟ್ಟಲ್ಲ ಬಿಡು. ಆ ಗೋಡೆ ಮೇಲಿರೋದು ಹಲ್ಲೀನಾ?"

ಗಮನ ಬೇರೆಡೆ ಸೆಳೆದು ಎಳೆಯುವ ಅದು ಉಳುಕಣ್ಣನದೇ ಉಪಾಯ. ಗೊತ್ತಿದ್ದೂ ತಿರುಗಿ ನೋಡಿದ. ಇಸ್ತ್ರಿಯವನು ಬಟ್ಟೆ ಹಿಂಡಿದ ಹಾಗೆ ತಿರುವಿ ಎಳೆದ. ಹಲ್ಲಿ ಕಾಣಲಿಲ್ಲ, ಹಗಲಲ್ಲೇ ನಕ್ಷತ್ರ ಕಂಡವು.

ಮಧ್ಯಾಹ್ನ ಬೀದಿ ತೂಕಡಿಸುವಾಗ ಕೈಯನ್ನು ತರಕಾರಿ ಚೀಲದೊಳಗೆ ತೂರಿಸಿಕೊಂಡು ಹಿಂದಿನ ಓಣಿಯಲ್ಲಿ ಆಸ್ಪತ್ರೆ ಸೇರಿದ.

ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. "ಬರೀ ಬಿರುಕಾಗಿತ್ತು. ಎಳೆದು ಮೂಳೆ ಜರುಗಿಸಿದ್ದಾರೆ. ಯಾವ ದಡ್ಡ ಎಳೆದಿದ್ದು?"

"ಅವನಿಗೆ ಕಲಿಸಿದವನು ಇನ್ನೂ ದಡ್ಡ, ತಾಯಿ."

ಪ್ಲಾಸ್ಟರ್ ಒಣಗುವವರೆಗೆ ಬೆಂಚಿನ ಮೇಲೆ ಕೂತವನಿಗೆ ಹಾಲಿನವಳ ಕೈ ನೆನಪಾಯಿತು. ಹೋದ ವರ್ಷ ಇವನೇ ಎಳೆದದ್ದು. ಬೋರ್ಡಿಗೆ ಹೆದರಿ ಅವಳು ಆಸ್ಪತ್ರೆಗೆ ಹೋಗಲಿಲ್ಲ. ಈಗಲೂ ಕ್ಯಾನು ಎತ್ತುವಾಗ ಆ ಮಣಿಕಟ್ಟು ಮುರಿದ ಚಿಲಕದ ಹಾಗೆ ಸೊಟ್ಟ ನಿಲ್ಲುತ್ತದೆ. ಒಂದು ದಿನವೂ ಅವಳು ಬೈದಿಲ್ಲ. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದರೆ ಬಾಗಿಲಲ್ಲಿ ಅವಳೇ ಹಾಲು ಅಳೆಯುತ್ತಿದ್ದಾಳೆ.

"ಇದೇನಣ್ಣ, ಬಿಳಿ ಕಟ್ಟು?"

ಹೆಂಡತಿ ನಡುವೆ ಬಾಯಿ ಹಾಕಿದಳು. "ಅವರೇ ಹಾಕ್ಕೊಂಡಿದ್ದು ಕಣೇ. ಹೊಸ ವಿದ್ಯೆ."

ಸದ್ಯ, ಮರ್ಯಾದೆ ಉಳಿಯಿತು. ಉಳುಕಣ್ಣ ಉಸಿರು ಬಿಟ್ಟ.

ಹಾಲಿನವಳು ಸೊಟ್ಟ ಕೈಯನ್ನು ಮುಂದೆ ಚಾಚಿದಳು. "ಇಂಥಾ ವಿದ್ಯೆ ಇಟ್ಕೊಂಡು ನನಗ್ಯಾಕೆ ಹಾಕಲಿಲ್ಲ ಅಣ್ಣ?"

ಉಳುಕಣ್ಣ ಆ ಮಣಿಕಟ್ಟನ್ನೇ ನೋಡಿದ. "ನಾನು ಹಾಕಿದ್ದಲ್ಲಮ್ಮ. ಆಸ್ಪತ್ರೇಲಿ ಹಾಕಿದ್ದು. ನಾಳೆ ನೀನೂ ಹೋಗಿ ತೋರಿಸು."

ಹೆಂಡತಿ ಹಣೆ ಚಚ್ಚಿಕೊಂಡಳು. ಹಾಲಿನವಳು ಬೋರ್ಡು ನೋಡಿದಳು, ಅವನ ಕೈ ನೋಡಿದಳು, ನಿಧಾನವಾಗಿ ಕ್ಯಾನಿನ ಮುಚ್ಚಳ ಹಾಕಿದಳು.

"ಮೆಟ್ಟಿಲು ಹತ್ತಿದ್ರಾ? ಹಾಗಾದ್ರೆ ಇನ್ಮೇಲೆ ಆ ಕೈನ ನೀವೂ ಮುಟ್ಟೋ ಹಾಗಿಲ್ಲ ಬಿಡಿ."

ಅಷ್ಟು ಹೊತ್ತಿಗೆ ಪ್ಲಾಸ್ಟರಿನ ಒಳಗೆ ನವೆ ಶುರುವಾಗಿತ್ತು.