ಗಾಜಿನ ಪೆಟ್ಟಿಗೆಯಲ್ಲಿ ನಮ್ಮಪ್ಪನ ರಾಜದಂಡ

ಮಹಾಜನರೇ! ಮುಂದಿನ ಸಾಲಿನ ಗಣ್ಯರೇ, ಜಾಗ ಸಿಗದೆ ಗೋಡೆಗೊರಗಿ ನಿಂತ ರಸಿಕರೇ, ಈ ಪತ್ರ ಒಬ್ಬರಿಗೆ ಬರೆದದ್ದಾದರೂ ಕೊನೆಯ ಬೆಂಚಿಗೂ ಕೇಳಿಸಲೆಂದು ಗಟ್ಟಿಯಾಗಿಯೇ ಬರೆಯುತ್ತಿದ್ದೇನೆ.

ಹಳೆಯ ಆಟದ ಸಾಮಾನುಗಳ ಸಂಗ್ರಹಾಲಯದ ಮುಖ್ಯ ಪರೀಕ್ಷಕರಾದ ಮಾನ್ಯರೇ, ಅನಂತಾನಂತ ವಂದನೆಗಳು. ನಮ್ಮ ಮನೆಯ ಮೂಲೆಯಲ್ಲಿ ಒರಗಿದ್ದ ಕೋಲನ್ನು ಕಂಡೊಡನೆ, ಅದು ಗಾಲ್ಫ್ ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಪಟರ್ ಎಂದೂ, ಕಮ್ಮಾರನೊಬ್ಬ ಕೈಯಾರೆ ಬಡಿದು ಮಾಡಿದ, ಸಂಗ್ರಾಹಕರು ಹಗಲಿರುಳು ಹುಡುಕುವ ಅಪರೂಪದ ವಸ್ತುವೆಂದೂ ಗುರುತಿಸಿ, “ಎರಡು ದಿನ ನೋಡಿ ಕೊಡ್ತೀನಿ” ಎಂದು ತಾವು ಕೊಂಡೊಯ್ದದ್ದು ನಮ್ಮ ಭಾಗ್ಯ. ತಿಂಗಳುಗಳೇ ಉರುಳಿದರೂ ತಮ್ಮ ಕಣ್ಣು ದಣಿಯದಿರುವುದು ಮಹಾಭಾಗ್ಯ.

ಅದರ ತಲೆಯ ಮೇಲಿನ ಚಿನ್ನದ ಬಣ್ಣ ನೋಡಿ ‘ರಾಜಮನೆತನದ ಸೊತ್ತು’ ಎಂದು ಗಾಜಿನ ಪೆಟ್ಟಿಗೆಯ ಚೀಟಿಯಲ್ಲಿ ಬರೆಸಿದ್ದೀರಿ. ಅಕ್ಷರಶಃ ಸತ್ಯ. ನಮ್ಮ ತಂದೆಯವರು ನಾಟಕ ಕಂಪನಿಯಲ್ಲಿ ಮೊದಲ ಅಂಕದಲ್ಲಿ ಪಟ್ಟಕ್ಕೇರಿ, ಕೊನೆಯ ಅಂಕದಲ್ಲಿ ತಮ್ಮದೇ ಮಂತ್ರಿಗೆ ರಾಜ್ಯ ಕಳೆದುಕೊಳ್ಳುತ್ತ ಜೀವಮಾನವಿಡೀ ಆಳಿದವರು. ಗುಜರಿಯಲ್ಲಿ ಸಿಕ್ಕ ಪಟರನ್ನು ತಲೆಕೆಳಗು ಮಾಡಿ, ಸಿಂಹಾಸನಕ್ಕೆ ಬಳಿದು ಮಿಕ್ಕ ಬಣ್ಣ ಹಚ್ಚಿ ರಾಜದಂಡ ಮಾಡಿಕೊಂಡವರು. ಅದರ ಮೇಲಿನ ಜಜ್ಜುಗಾಯಗಳು ‘ಪಂದ್ಯ ಸೋತ ಆಟಗಾರನ ರೋಷದ ಗುರುತು’ ಎಂದಿದ್ದೀರಿ. ರೋಷವಂತೂ ನಿಜ. ಸಿಂಹಾಸನದ ತೋಳಿಗೆ ಅದನ್ನು ಬಡಿದು “ಯಾರಲ್ಲಿ!” ಎಂದು ಅಪ್ಪ ಗರ್ಜಿಸಿದಾಗ ಸೇವಕನ ಪಾತ್ರದವನು ಒಮ್ಮೆಯೂ ಸಮಯಕ್ಕೆ ಬರುತ್ತಿರಲಿಲ್ಲ.

ಮಂಡಿ ಸೋತ ಮೇಲೆ ಅಪ್ಪ ದಿನವೂ ಬೀದಿಯ ತುದಿಯವರೆಗೆ ಹೋಗಿಬರುತ್ತಿದ್ದದ್ದು ಆ ಕೋಲಿನ ತಲೆ ಹಿಡಿದೇ. ಅದು ತಮ್ಮಲ್ಲಿಗೆ ಬಂದಂದಿನಿಂದ ಅವರು ಕುರ್ಚಿ ಬಿಟ್ಟು ಎದ್ದಿಲ್ಲ. ಔಷಧಿ ಅಂಗಡಿಯ ಊರುಗೋಲು ತಂದರೆ “ಇದು ದ್ವಾರಪಾಲಕಂದು” ಎಂದರು. ಛತ್ರಿ ಕೊಟ್ಟರೆ “ರಾಜನಿಗೆ ಛತ್ರಿ ಹಿಡಿಯೋರು ಬೇರೆ ಇರ್ತಾರೆ ಕಣೋ, ಅಷ್ಟೂ ಗೊತ್ತಿಲ್ವಾ?” ಎಂದು ಮುಖ ತಿರುಗಿಸಿದರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಕೋಲನ್ನು ಹೊರತೆಗೆಯಲಾಗದಿದ್ದರೆ ಆ ಗಾಜಿನ ಪೆಟ್ಟಿಗೆಗೇ ನಾಲ್ಕು ಚಕ್ರ ಹಾಕಿಸಿ, ಅಪ್ಪ ಅದನ್ನು ಹಿಡಿದು ನಡೆಯುವಂತೆ ಕಳುಹಿಸಿಕೊಡಿ, ಅಥವಾ ತಾವೇ ನಮ್ಮ ಪಡಸಾಲೆಗೆ ಬಂದು ನಿಂತು, ಅವರು “ಯಾರಲ್ಲಿ!” ಎಂದಾಗಲೆಲ್ಲ “ಅಪ್ಪಣೆ, ಪ್ರಭು” ಎಂದು ಹೆಗಲು ಕೊಡಿ. ಎರಡೂ ಕಷ್ಟವೆಂದಾದರೆ ಚಿಂತೆ ಬೇಡ. ನಾಳೆ ಬೆಳಿಗ್ಗೆ ತಮ್ಮ ಬಾಗಿಲು ತೆರೆಯುವ ಹೊತ್ತಿಗೆ ಅಪ್ಪನನ್ನು ಕುರ್ಚಿ ಸಮೇತ ಹೊತ್ತು ತಂದು ಆ ಪೆಟ್ಟಿಗೆಯ ಪಕ್ಕದಲ್ಲೇ ಇಳಿಸುತ್ತೇನೆ. ಅವರೂ ಹಳಬರು, ಮೂಲ ಸ್ಥಿತಿಯಲ್ಲಿದ್ದಾರೆ, ಎಲ್ಲೂ ಪಾಲಿಶ್ ಆಗಿಲ್ಲ. ಜೊತೆ ಮುರಿಯದ ವಸ್ತುವಿಗೇ ಸಂಗ್ರಹಯೋಗ್ಯತೆ ಹೆಚ್ಚೆಂದು ತಾವೇ ಅಂದಿದ್ದೀರಿ. ಕೋಲು ಕೈಗೆ ಸಿಕ್ಕರೆ ಅವರೇ ಎದ್ದು ನಡೆದು ಮನೆಗೆ ಬರುತ್ತಾರೆ. ಸಿಗದಿದ್ದರೆ ಅಲ್ಲೇ ಆಳುತ್ತಾರೆ.

ತಮ್ಮ ವಿಶ್ವಾಸಿ,
ಮಾಜಿ ಮಹಾರಾಜರ ಏಕೈಕ ಯುವರಾಜ

ತಾ.ಕ.: ಹಿಡಿಕೆಯ ತುದಿಯ ಕಪ್ಪು ರಬ್ಬರನ್ನು ‘ಅಂದಿನ ಕುಶಲಕರ್ಮಿಯ ಬೆರಗಿನ ಕೈಚಳಕ’ ಎಂದು ಹೊಗಳಿದ್ದೀರಿ. ಆ ಕುಶಲಕರ್ಮಿ ನಮ್ಮ ಅಮ್ಮ. ಅದು ಕೋಲು ನೆಲದ ಮೇಲೆ ಜಾರದಿರಲೆಂದು ಅವರು ಸಿಕ್ಕಿಸಿದ, ಗ್ಯಾಸ್ ಒಲೆಯ ಕಾಲಿನದು. ಹೊಗಳಿಕೆ ಕೇಳಿ ಹಿಗ್ಗಿರುವ ಅವರೂ ನಾಳೆ ಬೆಳಿಗ್ಗೆ ನಮ್ಮೊಡನೆ ಬರುತ್ತಾರೆ, ಉಳಿದ ಮೂರು ಕಾಲುಗಳನ್ನೂ ತಮಗೆ ತೋರಿಸಲು, ಒಲೆ ಸಮೇತ.